ರಾತ್ರಿಯೆಲ್ಲಾ ಬೀಸಿದ ಗಾಳಿ: ಜೊತೆಗಿದ್ದವರಿಗೆ ಒಂದು ವಂದನೆ

ಕಳೆದ ಭಾನುವಾರ ನಮ್ಮ ಯಜಮಾನರು ಕಾರಿನಿಂದ ಇಳಿದು, ಕೋಲು ಊರಿಕೊಂಡು, ಚರ್ಚಿನ ಬಾಗಿಲು ದಾಟಿ, ತಾವು ಯಾವಾಗಲೂ ಕೂರುತ್ತಿದ್ದ ಮೂರನೇ ಬೆಂಚಿನವರೆಗೆ ನಡೆದರು. ಯಾರೂ ಕೈ ಹಿಡಿಯಲಿಲ್ಲ. ಹಿಡಿಯೋಕೆ ಬಂದವರನ್ನು ಕಣ್ಣಲ್ಲೇ ಗದರಿಸಿದರು. ಅಷ್ಟು ದೂರಕ್ಕೆ ನಾಲ್ಕು ನಿಮಿಷ ಬೇಕಾಯಿತು. ಆ ನಾಲ್ಕು ನಿಮಿಷವೂ ಹಾಡು ನಿಲ್ಲಿಸದೆ, ಅದೇ ಚರಣವನ್ನು ಮತ್ತೆ ಮತ್ತೆ ಹಾಡುತ್ತಾ ಕಾದಿರಲ್ಲ, ನಿಮಗೆಲ್ಲ ಮೊದಲ ವಂದನೆ. ಅವತ್ತು ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ಆಗಿದ್ದನ್ನು ಜಾಸ್ತಿ ಬೆಳೆಸುವುದಿಲ್ಲ. ಹನ್ನೊಂದು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅವರ ಕೈಯಿಂದ ಲೋಟ ಜಾರಿತು. ಬಾಯಿ ಒಂದು ಕಡೆ ವಾಲಿತು. ಸ್ಟ್ರೋಕ್. ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದಿದ್ದರಿಂದ ಬಲಗೈ, ಬಲಗಾಲು ಹೋಯಿತು. ಮಾತೂ ಹೋಯಿತು. ಜೀವ ಉಳಿಯಿತು. ಮನೆಗೆ ಕರೆದುಕೊಂಡು ಬಂದ ದಿನದಿಂದ ಎರಡು ಗಂಟೆಗೊಮ್ಮೆ ಅವರನ್ನು ಮಗ್ಗುಲು ಬದಲಿಸಿ ಮಲಗಿಸಬೇಕಿತ್ತು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಹಗಲು ಸರಿ, ರಾತ್ರಿಯೂ ಹಾಗೇ. ಅಲಾರಾಂ ಸದ್ದಿಗೆ ನನಗೆ ಇವತ್ತಿಗೂ ಎದೆ ಧಸಕ್ ಅನ್ನುತ್ತದೆ.

ಆಗ ನಮ್ಮ ಪ್ರಾರ್ಥನಾ ಗುಂಪಿನ ಅಕ್ಕ ಒಬ್ಬರು ಒಂದು ಕೆಲಸ ಶುರು ಮಾಡಿದರು. ಹೆಸರು ಹಾಕಬೇಡ ಅಂತ ಹೇಳಿದ್ದಾರೆ, ಹಾಕುವುದಿಲ್ಲ. ಬೆಳಿಗ್ಗೆ ಆರಕ್ಕೆ ಒಂದು ವಾಯ್ಸ್ ಮೆಸೇಜ್. ಬೈಬಲಿನ ವಿಮೋಚನಕಾಂಡದಿಂದ, ಅಂದರೆ ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಗುಲಾಮರಾಗಿದ್ದ ಇಸ್ರಾಯೇಲ್ಯರನ್ನು ದೇವರು ಮೋಶೆಯ ಮೂಲಕ ಬಿಡಿಸಿದ ಕಥೆಯಿಂದ, ಒಂದೆರಡು ವಚನ ಓದುವುದು, ಅದರ ಮೇಲೆ ಒಂದೇ ಒಂದು ಮಾತು ಹೇಳುವುದು, ಮುಗಿಯಿತು. ಎರಡು ನಿಮಿಷ ದಾಟುತ್ತಿರಲಿಲ್ಲ. "ಯಾಕಕ್ಕಾ ವಿಮೋಚನಕಾಂಡ, ಕೀರ್ತನೆ ಓದಬಾರದಾ?" ಅಂತ ಕೇಳಿದ್ದೆ. "ಕೀರ್ತನೆ ನಿನಗೆ ಬಾಯಿಪಾಠ ಇದೆ. ಈ ಕಥೆ ನಿನಗೆ ಗೊತ್ತು ಅಂದುಕೊಂಡಿದ್ದೀಯ, ಗೊತ್ತಿಲ್ಲ" ಅಂದರು. ಸ್ವಲ್ಪ ಕೋಪ ಬಂತು. ಭಾನುವಾರದ ಶಾಲೆಯಲ್ಲಿ ಇದೇ ಕಥೆಯನ್ನು ಮಕ್ಕಳಿಗೆ ಎಷ್ಟು ವರ್ಷ ಹೇಳಿದವಳು ನಾನು!

ಅವರು ಹೇಳಿದ್ದೇ ನಿಜವಾಯಿತು. ನನಗೆ ಗೊತ್ತಿದ್ದದ್ದು ಚಿತ್ರ ಮಾತ್ರ. ಮೋಶೆ ಕೋಲು ಎತ್ತುತ್ತಾನೆ, ಸಮುದ್ರ ಎರಡು ಗೋಡೆಯಾಗಿ ನಿಲ್ಲುತ್ತದೆ, ಜನ ದಾಟುತ್ತಾರೆ. ಆದರೆ ಸಮುದ್ರ ಬರುವುದು ಹದಿನಾಲ್ಕನೇ ಅಧ್ಯಾಯದಲ್ಲಿ. ಅದಕ್ಕೆ ಮುಂಚೆ ಹದಿಮೂರು ಅಧ್ಯಾಯ ಇಟ್ಟಿಗೆ, ಮಣ್ಣು, ಚಾಟಿ, ಐಗುಪ್ತದ ರಾಜ ಫರೋಹನ ಮಾತು ಬದಲಾವಣೆ. ನಾನು ಆ ಹದಿಮೂರನ್ನು ಹಾರಿ ಓದುತ್ತಿದ್ದೆ ಅಷ್ಟೇ.

ಆರನೇ ಅಧ್ಯಾಯದ ಒಂಬತ್ತನೇ ವಚನ ಬಂದ ದಿನ ನೆನಪಿದೆ. ನಿಮ್ಮನ್ನು ಬಿಡಿಸುತ್ತೇನೆ ಅಂತ ದೇವರು ಹೇಳಿದ್ದನ್ನು ಮೋಶೆ ಹೋಗಿ ಜನರಿಗೆ ಹೇಳುತ್ತಾನೆ. ಅವರು ಕೇಳುವುದೇ ಇಲ್ಲ. ಯಾಕೆ ಅಂತ ಕಾರಣವೂ ಅಲ್ಲೇ ಇದೆ: ದುಡಿದು ದುಡಿದು ಅವರ ಮನಸ್ಸು ಮುರಿದಿತ್ತು. ಆ ದಿನಗಳಲ್ಲಿ ನನಗೆ ಪ್ರಾರ್ಥನೆಗೆ ಕೂತರೆ ನಿದ್ದೆ ಬರುತ್ತಿತ್ತು. ಯಾರಾದರೂ "ಧೈರ್ಯವಾಗಿರು, ದೇವರು ಇದ್ದಾರೆ" ಅಂದರೆ ಕಿವಿಯಾಚೆ ಹೋಗುತ್ತಿತ್ತು. ನನ್ನ ನಂಬಿಕೆ ಸತ್ತುಹೋಯಿತು ಅಂತಲೇ ತಿಳಿದಿದ್ದೆ. ಅಕ್ಕ ಅವತ್ತು ಹೇಳಿದ್ದು ಇಷ್ಟು: "ಕೇಳಿಸಿಕೊಳ್ಳಲಿಲ್ಲ ಅಂತ ದೇವರು ಅವರನ್ನು ಬೈಯಲಿಲ್ಲ ನೋಡು. ಬಿಡಿಸೋದನ್ನೂ ನಿಲ್ಲಿಸಲಿಲ್ಲ." ನಾನು ಅಡುಗೆಮನೆಯಲ್ಲಿ ನಿಂತುಕೊಂಡೇ ಅತ್ತೆ. ಬಹಳ ದಿನದ ಮೇಲೆ ಬಂದ ಅಳು ಅದು.

ಇನ್ನು ಸಮುದ್ರದ ವಿಷಯ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ನಾನು ಬದುಕಿದ್ದು ಈ ಒಂದು ವಚನದ ಮೇಲೆ.

ಮೋಶೆ ಸಮುದ್ರದ ಮೇಲೆ ಕೈ ಚಾಚಿದ ಮೇಲೆ ಏನಾಯಿತು? ದೇವರು ಬಲವಾದ ಪೂರ್ವದ ಗಾಳಿಯನ್ನು ಬೀಸುವಂತೆ ಮಾಡಿದರು. ಎಷ್ಟು ಹೊತ್ತು? ರಾತ್ರಿಯೆಲ್ಲಾ. ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲ, ರಾತ್ರಿಯೆಲ್ಲಾ! ಆ ರಾತ್ರಿ ದಡದಲ್ಲಿ ಇದ್ದವರನ್ನು ನೆನೆಸಿಕೊಳ್ಳಿ. ಹೊತ್ತುಕೊಂಡ ಮಕ್ಕಳು, ಮುದುಕರು, ದನಕುರಿ. ಬೆನ್ನ ಹಿಂದೆ ಫರೋಹನ ದಂಡು, ಅದರಲ್ಲಿ ಆರಿಸಿ ತಂದ 600 ರಥಗಳು ಬೇರೆ. ಮುಂದೆ ನೀರು. ಕಿವಿಗೆ ಗಾಳಿ ಸದ್ದು. ದಾರಿ ಆಗುತ್ತಿದೆ ಅಂತ ಕತ್ತಲಲ್ಲಿ ಎಷ್ಟು ಜನರಿಗೆ ತಿಳಿದಿತ್ತೋ? ಆ ಹೊತ್ತಿನಲ್ಲಿ ಅವರಿಗೆ ಅದು ಬಿಡುಗಡೆಯ ಹಾಗೆ ಕಂಡಿರಲಿಕ್ಕಿಲ್ಲ. ಸುಮ್ನೆ ಗಾಳಿ ಅನ್ನಿಸಿರಬೇಕು.

ರಾತ್ರಿ ಎರಡಕ್ಕೆ, ನಾಲ್ಕಕ್ಕೆ ಎದ್ದು ಅವರ ಮಗ್ಗುಲು ಬದಲಿಸುವಾಗ ನನ್ನ ಬಾಯಲ್ಲಿ ಬರುತ್ತಿದ್ದದ್ದು ಇಷ್ಟೇ: "ಗಾಳಿ ಬೀಸ್ತಿದೆ." ಪ್ರಾರ್ಥನೆ ಅಂದರೂ ಅದೇ, ಜೋಗುಳ ಅಂದರೂ ಅದೇ. ಮೂರನೇ ತಿಂಗಳಲ್ಲಿ ಅವರ ಬಲಗಾಲಿನ ಹೆಬ್ಬೆರಳು ಅಲುಗಿತು. ಫಿಸಿಯೋಥೆರಪಿ ಮಾಡುವ ಹುಡುಗ ಅದನ್ನು ನೋಡಿ ಕೂಗಿದ ಕೂಗಿಗೆ ಪಕ್ಕದ ಮನೆಯವರು ಓಡಿ ಬಂದರು. ಅಲುಗಿದ್ದು ಒಂದು ಬೆರಳು, ಕೂಗು ಮಾತ್ರ ಸಮುದ್ರವೇ ಸೀಳಿದಷ್ಟು.

ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ, ಎಷ್ಟೋ ಜನ ಗಮನಿಸುವುದಿಲ್ಲ. ಜನರನ್ನು ಮುಂದೆ ನಡೆಸುತ್ತಿದ್ದ ಮೇಘಸ್ತಂಭ ಆ ರಾತ್ರಿ ಎದ್ದು ಹಿಂದಕ್ಕೆ ಹೋಯಿತು. ಐಗುಪ್ತದವರಿಗೂ ಇವರಿಗೂ ನಡುವೆ ನಿಂತಿತು. ಅಂದರೆ ಮುಂದೆ ನೋಡಿದವರಿಗೆ ದಾರಿ ತೋರಿಸುವ ಕಂಬ ಕಾಣುತ್ತಿರಲಿಲ್ಲ. ನನ್ನ ಕಣ್ಣಿಗೂ ಮುಂದೆ ಏನೂ ಕಾಣದ ತಿಂಗಳುಗಳು ಇದ್ದವು. ಈಗ ತಿರುಗಿ ನೋಡಿದರೆ, ಹಿಂದೆ ಯಾರು ಯಾರು ನಿಂತಿದ್ದರು ಅಂತ ತಿಳಿಯುತ್ತದೆ. ಸಾಲದವರನ್ನು ಮಾತಾಡಿಸಿ ಗಡುವು ಕೇಳಿಕೊಂಡ ಮೈದುನ. ವಿಮೆಯ ಕಾಗದಗಳನ್ನೆಲ್ಲ ತುಂಬಿಕೊಟ್ಟ ಯಜಮಾನರ ಸಹೋದ್ಯೋಗಿ. ಒಂದು ದಿನವೂ ಇದನ್ನೆಲ್ಲ ನನ್ನ ಮುಂದೆ ಎತ್ತಲಿಲ್ಲ ಅವರು. ನನಗೆ ಗೊತ್ತಾಗಿದ್ದೇ ಮೊನ್ನೆ.

ಮನ್ನದ, ಅಂದರೆ ಮರುಭೂಮಿಯಲ್ಲಿ ದೇವರು ಆ ಜನರಿಗೆ ಸುರಿಸಿದ ಆಹಾರದ, ಪಾಠ ಕಲಿಯೋಕೆ ನನಗೆ ಬಹಳ ಕಷ್ಟವಾಯಿತು. ನಾನು ಮೊದಲಿಂದಲೂ ಲೆಕ್ಕ ಹಾಕುವವಳು. ಆರು ತಿಂಗಳಿಗೆ ಎಷ್ಟಾಗುತ್ತದೆ, ಒಂದು ವರ್ಷಕ್ಕೆ ಹೇಗೆ, ಅವರು ಎದ್ದೇ ಇಲ್ಲದಿದ್ದರೆ ಮಗಳ ಓದು ಏನಾಗುತ್ತದೆ, ಹೀಗೆ. ಮರುಭೂಮಿಯಲ್ಲಿ ಜನರಿಗೆ ಸಿಕ್ಕಿದ್ದು ತಲೆಗೆ ಒಂದು ಓಮೆರ್ ಅಳತೆ, ಒಂದು ದಿನಕ್ಕೆ. ನಾಳೆಗೆ ಅಂತ ಇಟ್ಟುಕೊಂಡವರ ಪಾತ್ರೆಯಲ್ಲಿ ಹುಳ ಬಿತ್ತು, ನಾತ ಬಂತು. ನನ್ನ ನಾಳೆಯ ಚಿಂತೆಯೂ ಥೇಟ್ ಹಾಗೇ ನಾರುತ್ತಿತ್ತು. ಮನೆಯವರ ಮೇಲೆಲ್ಲ ರೇಗುತ್ತಿದ್ದೆ. ಹಾಗಂತ ಯೋಚನೆಯನ್ನೇ ಮಾಡಬಾರದು ಅಂತ ಅಲ್ಲ. ಅದೇ ಮನ್ನವನ್ನು ಆರನೇ ದಿನ ಎರಡರಷ್ಟು ಕೂಡಿಸಿಕೊಳ್ಳಿ ಅಂತ ಹೇಳಿದವರೂ ದೇವರೇ, ಆಗ ಅದು ಕೆಡಲಿಲ್ಲ. ಎತ್ತಿಡುವ ದಿನ ಬೇರೆ, ಎತ್ತಿಡಬಾರದ ದಿನ ಬೇರೆ. ನಾನು ಒಂದು ನೋಟ್‌ಬುಕ್ ಇಟ್ಟೆ. ದಿನಕ್ಕೆ ಒಂದು ಪುಟ. ಅವತ್ತಿನ ಔಷಧಿ, ಅವತ್ತಿನ ವ್ಯಾಯಾಮ, ಅವತ್ತಿನ ಖರ್ಚು, ಕೆಳಗೆ ಅವತ್ತು ಸಿಕ್ಕಿದ ಒಂದು ವಚನ. ನಾಳೆಯ ಪುಟ ತಿರುಗಿಸಬಾರದು ಅಂತ ನನಗೆ ನಾನೇ ಕಾನೂನು ಮಾಡಿಕೊಂಡೆ. ತಪ್ಪಿದ್ದೂ ಉಂಟು. ಬಿಲ್ ಕಟ್ಟುವ ವಾರಗಳಲ್ಲಿ ಮುಂದಿನ ಪುಟಗಳ ಮೂಲೆಯಲ್ಲೆಲ್ಲ ನನ್ನ ಕೂಡುವ ಲೆಕ್ಕ ಇದೆ.

ಗೊಣಗಿದ್ದೂ ಇದೆ, ಬಚ್ಚಿಡುವುದಿಲ್ಲ. ಸಮುದ್ರ ದಾಟಿ ಹಾಡಿದ ಜನ ಮೂರೇ ದಿನಕ್ಕೆ ನೀರಿಲ್ಲ ಅಂತ ಮೋಶೆಯ ಮೇಲೆ ತಿರುಗಿಬಿದ್ದರು. ಮಕ್ಕಳಿಗೆ ಪಾಠ ಹೇಳುವಾಗ "ಎಂಥ ಜನ ನೋಡಿ" ಅಂತಿದ್ದೆ. ಬೆರಳು ಅಲುಗಿದ ದಿನ ಕುಣಿದಾಡಿದ ನಾನು, ಅದೇ ವಾರ "ಇಷ್ಟೇನಾ?" ಅಂತ ಡಾಕ್ಟರ ಮುಂದೆ ಮುಖ ಊದಿಸಿಕೊಂಡು ಕೂತಿದ್ದೆ. ಮೂರು ದಿನ ತಡೆದುಕೊಂಡರಲ್ಲ, ಆ ಜನ ನನಗಿಂತ ವಾಸಿ.

ಈಗ ಕೈಗಳ ವಿಷಯ. ಅಮಾಲೇಕ್ಯರ ಜೊತೆ ಯುದ್ಧ ಆದಾಗ ಮೋಶೆಯ ಕೈ ಮೇಲಿದ್ದರೆ ಇವರಿಗೆ ಗೆಲುವು, ಇಳಿದರೆ ಅವರಿಗೆ. ಕೈ ಸೋತಿತು. ಅವನ ಅಣ್ಣ ಆರೋನನೂ ಜೊತೆಗಾರ ಹೂರನೂ ಎರಡು ಕಡೆ ನಿಂತು ಹೊತ್ತು ಮುಳುಗುವ ತನಕ ಆ ಕೈಗಳನ್ನು ಹಿಡಿದುಕೊಂಡರು. ಇದು ಎಲ್ಲರಿಗೂ ನೆನಪಿರುತ್ತದೆ. ಅದಕ್ಕೂ ಮುಂಚೆ ಅವರು ಮಾಡಿದ ಇನ್ನೊಂದು ಕೆಲಸ ಇದೆ. ಒಂದು ಕಲ್ಲು ತಂದು ಮೋಶೆಯನ್ನು ಅದರ ಮೇಲೆ ಕೂರಿಸಿದರು.

ನನಗೂ ಒಬ್ಬರು ಕಲ್ಲು ತಂದುಕೊಟ್ಟರು. ಮೊದಲ ತಿಂಗಳು ನಾನು ಮಂಚದ ಪಕ್ಕ ನಿಂತೇ ಇರುತ್ತಿದ್ದೆ, ಇಲ್ಲವೇ ನೆಲದ ಮೇಲೆ. ಒಂದು ಸಂಜೆ ಸಭೆಯ ಹಿರಿಯರೊಬ್ಬರು ಬಂದು ನೋಡಿ ಹೋದರು, ಏನೂ ಮಾತಾಡಲಿಲ್ಲ. ಮರುದಿನ ಒಂದು ಕೈಯಿರುವ ಕುರ್ಚಿ ಹೊತ್ತುಕೊಂಡು ಬಂದು ಮಂಚದ ಪಕ್ಕ ಇಟ್ಟು ಹೋದರು. ಅವತ್ತು ಅದರಲ್ಲಿ ಕೂತವಳು ಹಾಗೇ ನಿದ್ದೆ ಹೋದೆ. ಎಷ್ಟೋ ಪ್ರಸಂಗ ಕೇಳಿದ್ದೇನೆ, ಆ ಕುರ್ಚಿಯಷ್ಟು ನೆನಪಲ್ಲಿ ನಿಂತಿದ್ದು ಕಡಿಮೆ.

ಮೋಶೆಯ ಮಾವ ಇತ್ರೋನ ಪಾತ್ರ ಮಾಡಿದವರು ನಮ್ಮ ಪಾಸ್ಟರ್ ಅಮ್ಮ. ಬೆಳಗಿನಿಂದ ಸಂಜೆವರೆಗೆ ಒಬ್ಬನೇ ಕೂತು ಎಲ್ಲರ ನ್ಯಾಯ ತೀರಿಸುತ್ತಿದ್ದ ಮೋಶೆಗೆ ಮಾವ ಹೇಳುತ್ತಾನಲ್ಲ, ನೀನು ಮಾಡುತ್ತಿರುವುದು ಒಳ್ಳೆಯದಲ್ಲ, ನೀನೂ ಬಳಲುತ್ತೀಯ, ಈ ಜನರೂ ಬಳಲುತ್ತಾರೆ ಅಂತ. ಅಮ್ಮ ಅದನ್ನೇ ಇನ್ನೂ ಖಾರವಾಗಿ ಹೇಳಿದರು. "ಎಲ್ಲಾ ನಾನೇ ಮಾಡ್ತೀನಿ ಅನ್ನೋದು ಪ್ರೀತಿ ಅಲ್ಲ ಕಣಮ್ಮಾ, ಹಟ." ಹೇಳಿ ಸುಮ್ಮನಾಗಲಿಲ್ಲ. ಅಲ್ಲೇ ಕೂತು ಸರದಿಯ ಪಟ್ಟಿ ಬರೆದರು. ಮಂಗಳವಾರ ರಾತ್ರಿ ಯಾರು, ಶುಕ್ರವಾರ ಯಾರು, ಊಟದ ಡಬ್ಬಿ ಯಾರ ಮನೆಯಿಂದ. ವಾರಕ್ಕೆ ಎರಡು ರಾತ್ರಿ ನಾನು ಬೆಳಗಿನ ತನಕ ಮಲಗಿದ್ದು ಆ ಪಟ್ಟಿಯಿಂದ. ಆ ಸರದಿಯಲ್ಲಿ ಬಂದ ತಮ್ಮಂದಿರೇ, ಅಣ್ಣಂದಿರೇ, ನೀವು ಹೊರಳಿಸಿದ್ದು ನನ್ನ ಗಂಡನನ್ನು ಮಾತ್ರ ಅಲ್ಲ.

ಮಾತಿನ ಕಥೆ ಹೇಳದಿದ್ದರೆ ಈ ಬರಹ ಪೂರ್ತಿಯಾಗುವುದಿಲ್ಲ. ಅವರು ಎಷ್ಟು ಮಾತುಗಾರರು ಅಂತ ನಿಮಗೆಲ್ಲ ಗೊತ್ತು. ಆ ಬಾಯಿಂದ ಎರಡು ತಿಂಗಳು ಬಂದದ್ದು ಒಂದೇ ಶಬ್ದ, ಅದಕ್ಕೂ ಅರ್ಥ ಇರಲಿಲ್ಲ. ಹೇಳಬೇಕಾದದ್ದು ಒಳಗಿದೆ, ಹೊರಗೆ ಬರುತ್ತಿಲ್ಲ. ಸಿಟ್ಟಿಗೆ ದಿಂಬು ಎಸೆಯುತ್ತಿದ್ದರು, ಎಡಗೈಯಲ್ಲಿ. ನಾಲ್ಕನೇ ಅಧ್ಯಾಯದಲ್ಲಿ ಮೋಶೆಯೂ ಅದೇ ಹೇಳುತ್ತಾನೆ: ನನಗೆ ಮಾತು ಬರುವುದಿಲ್ಲ, ನನ್ನ ನಾಲಿಗೆ ಮಂದ. ನಾನು ಆ ಮೆಸೇಜನ್ನು ಸ್ಪೀಕರಿನಲ್ಲಿ ಹಾಕಿದ್ದೆ. ಅವರು ಕೇಳಿಸಿಕೊಂಡು ಎಡಗೈಯಿಂದ ತಮ್ಮ ಎದೆ ತಟ್ಟಿಕೊಂಡರು. ನಾನೂ ಅಷ್ಟೇ ಅಂತ.

ಮಾತು ತರಬೇತಿಯವರು ಹಾಡಿಸಿ ನೋಡಿ ಅಂದರು. ಈ ತರಹದ ಸ್ಟ್ರೋಕ್ ಆದವರಲ್ಲಿ ಎಷ್ಟೋ ಜನ ಮಾತಾಡೋಕೆ ಆಗದಿದ್ದರೂ ಗೊತ್ತಿರುವ ಹಾಡನ್ನು ಪದ ಸಮೇತ ಹಾಡಬಲ್ಲರಂತೆ. ನನಗೆ ನಂಬಿಕೆ ಬರಲಿಲ್ಲ. ಮಗಳು ಅವರು ಚಿಕ್ಕಂದಿನಿಂದ ಹಾಡುತ್ತಿದ್ದ ಒಂದು ಭಜನೆಯ ಮೊದಲ ಸಾಲು ಎತ್ತಿದಳು. ಎರಡನೇ ಸಾಲಿಗೆ ಅವರು ಸೇರಿಕೊಂಡರು. ತೊದಲು ಇತ್ತು, ರಾಗ ಸರಿ ಇತ್ತು, ಪದವೂ ಇತ್ತು. "ನೀರು" ಅಂತ ಕೇಳೋಕೆ ಬಾರದ ಮನುಷ್ಯ "ಸ್ತೋತ್ರ" ಅಂತ ಹಾಡಿದರು.

ಆಮೇಲೆ, ಸಮುದ್ರ ದಾಟಿದ ಮೇಲೆ ದಮ್ಮಡಿ ಬಡಿಯುತ್ತಾ ಹೆಂಗಸರ ಜೊತೆ ಹಾಡಿದ ಮೋಶೆಯ ಅಕ್ಕ ಮಿರ್ಯಾಮಳ ಬಗ್ಗೆ ಯೋಚಿಸಿದೆ. ಐಗುಪ್ತದಿಂದ ಎಷ್ಟು ಆತುರದಲ್ಲಿ ಹೊರಟರು ಅಂದರೆ ಹಿಟ್ಟು ಹುಳಿಯಾಗುವಷ್ಟೂ ಸಮಯ ಇರಲಿಲ್ಲ, ನಾದುವ ಪಾತ್ರೆಗಳನ್ನು ಬಟ್ಟೆಯಲ್ಲಿ ಕಟ್ಟಿ ಹೆಗಲ ಮೇಲೆ ಹಾಕಿಕೊಂಡು ಹೊರಟರು. ಅಂಥ ಗಡಿಬಿಡಿಯಲ್ಲೂ ದಮ್ಮಡಿ ಎತ್ತಿಕೊಂಡು ಬಂದಿದ್ದಾರಲ್ಲ ಆ ಹೆಂಗಸರು! ಹಾಡುವ ದಿನ ಬಂದೇ ಬರುತ್ತದೆ ಅಂತ ಯಾರು ಹೇಳಿದ್ದರು ಅವರಿಗೆ? ನಮ್ಮ ಮನೆಯಲ್ಲಿ ಅದನ್ನು ಎತ್ತಿಕೊಂಡು ಬಂದವಳು ಮಗಳು. ಹತ್ತೊಂಬತ್ತು ವರ್ಷ. ಕಂದಾ, ನಿನಗೆ ಇಲ್ಲಿ ಬರೆದು ಹೇಳುವುದು ಸಾಲದು, ಮನೆಯಲ್ಲಿ ಹೇಳುತ್ತೇನೆ.

ಒಂದು ನೋವಿನ ಮಾತೂ ಹೇಳಿಬಿಡುತ್ತೇನೆ. ನೋಡಲು ಬಂದವರೊಬ್ಬರು, ನಂಬಿಕೆ ಗಟ್ಟಿಯಾಗಿದ್ದರೆ ಇಷ್ಟು ದಿನ ಹಿಡಿಯುತ್ತಿರಲಿಲ್ಲ ಅಂತ ಹೇಳಿ ಹೋದರು. ಬೇರೆ ಯಾರ ಮನೆಯಲ್ಲೂ ಹಾಗೆ ಹೇಳಬೇಡಿ, ದಯವಿಟ್ಟು. ಆ ಜನ ಐಗುಪ್ತದಲ್ಲಿ ಇದ್ದದ್ದು 430 ವರ್ಷ ಅಂತ ಬರೆದಿದೆ. ಬಿಡುಗಡೆ ನೋಡದೆ ಇಟ್ಟಿಗೆ ಹೊತ್ತುಕೊಂಡೇ ತೀರಿಹೋದ ಅಜ್ಜ ಅಜ್ಜಿಯರು ಎಷ್ಟೋ. ಅವರ ನಂಬಿಕೆ ಕಡಿಮೆ ಇತ್ತಾ? ಆಸ್ಪತ್ರೆಯಲ್ಲಿ ನಮ್ಮ ಪಕ್ಕದ ಹಾಸಿಗೆಯ ಹೆಂಗಸು ನನಗಿಂತ ಜಾಸ್ತಿ ಪ್ರಾರ್ಥನೆ ಮಾಡುತ್ತಿದ್ದಳು. ಅವಳ ಗಂಡ ಮನೆಗೆ ಬರಲಿಲ್ಲ. ನಮ್ಮವರು ಬಂದರು. ಯಾಕೆ ಅಂತ ನನ್ನ ಹತ್ತಿರ ಉತ್ತರ ಇಲ್ಲ, ಇದೆ ಅಂತ ನಟಿಸುವುದೂ ಇಲ್ಲ. ಜನ ನರಳಿದ್ದು ದೇವರಿಗೆ ಕೇಳಿಸಿತು ಅಂತ ಎರಡನೇ ಅಧ್ಯಾಯದ ಕೊನೆಯಲ್ಲಿದೆ. ಅದು ಅವಳಿಗೂ ಸೇರಿದ ಮಾತು ಅಂತ ಹಿಡಿದುಕೊಂಡಿದ್ದೇನೆ. ನಾವಿಬ್ಬರೂ ಈಗಲೂ ಫೋನಿನಲ್ಲಿ ಮಾತಾಡುತ್ತೇವೆ.

ಅವರು ಪೂರ್ತಿ ಸರಿಹೋಗಿಲ್ಲ. ಬಲಗೈ ಇನ್ನೂ ಸರಿಯಾಗಿ ಮುಷ್ಟಿ ಕಟ್ಟುವುದಿಲ್ಲ. ಮಾತು ನಿಧಾನ, ಒಮ್ಮೊಮ್ಮೆ ಬಾಗಿಲಿಗೆ ಕಿಟಕಿ ಅನ್ನುತ್ತಾರೆ. ಆದರೆ ರಾತ್ರಿ ತಾವೇ ಮಗ್ಗುಲು ಬದಲಿಸುತ್ತಾರೆ, ತಾವೇ ಏಳುತ್ತಾರೆ. ಹಾಗಾಗಿ ಈ ವಾರದಿಂದ ಸರದಿಯ ಪಟ್ಟಿ ಗೋಡೆಯಿಂದ ಇಳಿಸಿದ್ದೇವೆ. ಆ ಜನ ಕೊನೆಗೆ ಸೇರಿದ ಕಾನಾನಿನ ನೆಲದ ಬೆಳೆ ತಿಂದ ಮರುದಿನ ಮನ್ನ ಬೀಳುವುದು ನಿಂತಿತಂತೆ, ಯೆಹೋಶುವನ ಪುಸ್ತಕದಲ್ಲಿ ಅದಕ್ಕೆ ಇರುವುದು ಒಂದು ಸಣ್ಣ ವಚನ. ನಾನು ಮಾತ್ರ ಆ ಪಟ್ಟಿಯನ್ನು ಎಸೆಯಲಿಲ್ಲ, ಮಡಿಸಿ ನೋಟ್‌ಬುಕ್ಕಿನೊಳಗೆ ಇಟ್ಟಿದ್ದೇನೆ. ನಿಮ್ಮ ಊಟದ ಡಬ್ಬಿಗಳು ಇನ್ನೂ ಹದಿನೇಳು ನಮ್ಮ ಮನೆಯಲ್ಲಿವೆ. ಯಾವುದು ಯಾರದು ಅಂತ ಗೊತ್ತಾಗುತ್ತಿಲ್ಲ, ಬಂದು ಗುರುತು ಹಿಡಿದು ತೆಗೆದುಕೊಂಡು ಹೋಗಿ.

ಇಷ್ಟನ್ನೂ ಅವರಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಪದ ಹುಡುಕಿ, "ಕುರ್ಚಿ... ಕೊಡಬೇಡ" ಅಂದರು. ಹಿರಿಯರೇ, ಕೇಳಿಸಿತಲ್ಲ? ಈಗ ಅದರಲ್ಲಿ ಕೂತು ಶೂ ಲೇಸ್ ಕಟ್ಟುವ ಅಭ್ಯಾಸ ನಡೆಯುತ್ತಿದೆ. ಎಡಗೈ ಒಂದರಲ್ಲೇ.