ಮಧ್ಯಾಹ್ನ 2 ಗಂಟೆ 8 ನಿಮಿಷ

ಪ್ರೀತಿಯ ತಂಗಿ,

ನಿನ್ನ ಪತ್ರಕ್ಕೆ ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಹೆಂಗಸರ ಹಕ್ಕಿನ ಮೆರವಣಿಗೆಯ ಬಗ್ಗೆ ನೀನು ಬರೆದದ್ದನ್ನು ಊರೆಲ್ಲ ಓದಿತು. ಆಮೇಲೆ ಬರೆದ ಮೂರು ಲೇಖನಗಳನ್ನು ಯಾರೂ ಮೂಸಿ ನೋಡಲಿಲ್ಲ. 'ಜನ ಮರೆತುಬಿಟ್ಟರಾ ಅಕ್ಕಾ, ಇಲ್ಲ ನಾನೇ ಕೆಟ್ಟದಾಗಿ ಬರೀತಿದ್ದೀನಾ?' ಅಂತ ಕೇಳಿದ್ದೀಯ. ಎರಡೂ ಸ್ವಲ್ಪ ಸ್ವಲ್ಪ ನಿಜ.

ಆ ಮೂರನ್ನೂ ಓದಿದೆ. ಮೂರರಲ್ಲೂ ಅದೇ ರಸ್ತೆ, ಅದೇ ಘೋಷಣೆ, ಅದೇ ಜನಸಾಗರ. ನಿನ್ನ ಸಿಟ್ಟು ಸುಳ್ಳಲ್ಲ. ಆದರೆ ಹೋರಾಟ ಆ ರಸ್ತೆ ಬಿಟ್ಟು ಎಲ್ಲಿಗೋ ಹೋಯಿತು. ನೀನು ಇನ್ನೂ ಅಲ್ಲೇ ನಿಂತಿದ್ದೀಯ.

ನನ್ನದೊಂದು ತಪ್ಪು ಹೇಳುತ್ತೇನೆ ಕೇಳು. ನಿನ್ನ ವಯಸ್ಸಿನಲ್ಲಿ ಒಂದು ದೊಡ್ಡ ಪ್ರತಿಭಟನೆಯಲ್ಲಿ ಹೆಸರು ಬರೆಸಿಕೊಳ್ಳುವ ಕೆಲಸ ನನಗೆ ಬಿತ್ತು. ಹದಿನಾಲ್ಕು ಹಾಳೆ ತುಂಬಿತು. ಹೆಸರು, ಫೋನ್ ನಂಬರ್, ಪಕ್ಕದಲ್ಲಿ 'ಯಾವ ಕೆಲಸ ಮಾಡಬಲ್ಲಿರಿ' ಅಂತ ಒಂದು ಕಾಲಂ. ಬಹಳ ಜನ ಅದನ್ನು ಖಾಲಿ ಬಿಟ್ಟರು. ಒಬ್ಬಾಕೆ ಮಾತ್ರ ಗುಂಡು ಅಕ್ಷರದಲ್ಲಿ 'ಟೈಪಿಂಗ್ ಬರುತ್ತೆ, ಭಾನುವಾರ ಬಿಡುವು' ಅಂತ ಬರೆದಳು. ಆ ರಾತ್ರಿ ನಾನು ಮನೆಗೆ ಬಂದವಳೇ ಲೇಖನ ಬರೆಯಲು ಕೂತೆ. ಹಾಳೆಗಳು ಚೀಲದಲ್ಲೇ ಉಳಿದವು. ನಾಲ್ಕು ತಿಂಗಳಾದ ಮೇಲೆ ಫೋನ್ ಮಾಡಿದರೆ 'ಯಾವ ಪ್ರತಿಭಟನೆ?' ಅಂದವರೇ ಜಾಸ್ತಿ. ಲೇಖನವೇನೋ ಚೆನ್ನಾಗಿತ್ತು. ಆದರೆ ಆ ಟೈಪಿಂಗ್ ಬರುವವಳು ಎಷ್ಟು ಭಾನುವಾರ ಕಾದಳೋ.

ಐಸ್‌ಲೆಂಡ್ ವಿಷಯ ನಿನಗೆ ಗೊತ್ತಿರಬೇಕು. 1975ರ ಅಕ್ಟೋಬರ್ 24ರಂದು ಅಲ್ಲಿನ ಸುಮಾರು ಶೇ 90ರಷ್ಟು ಹೆಂಗಸರು ಸಮಾನತೆ ಕೇಳಿ ಕೆಲಸಕ್ಕೆ ಹೋಗಲಿಲ್ಲ, ಮನೆಗೆಲಸವನ್ನೂ ಮುಟ್ಟಲಿಲ್ಲ. ಅದನ್ನು ಎಲ್ಲರೂ ಬರೆಯುತ್ತಾರೆ. ನನಗೆ ಅದಕ್ಕಿಂತ ಇಷ್ಟವಾಗುವುದು ಆಮೇಲಿನ ಕಥೆ. 2005ರಲ್ಲಿ ಅದೇ ದಿನ ಅವರು ಮಧ್ಯಾಹ್ನ 2 ಗಂಟೆ 8 ನಿಮಿಷಕ್ಕೆ ಸರಿಯಾಗಿ ಕೆಲಸ ಬಿಟ್ಟು ಎದ್ದರು. ಅದೇನು ಆ ಎಂಟು ನಿಮಿಷದ ಲೆಕ್ಕ? ಗಂಡಸರ ಸಂಪಾದನೆಯ ಪಕ್ಕ ಇಟ್ಟು ನೋಡಿದರೆ ಹೆಂಗಸರ ಸಂಬಳ ಆ ಹೊತ್ತಿಗೇ ಮುಗಿದುಹೋಗುತ್ತಿತ್ತು. ಮಿಕ್ಕಿದ್ದೆಲ್ಲ ಬಿಟ್ಟಿ ಚಾಕರಿ. 2010ರಲ್ಲಿ 2.25ಕ್ಕೆ ಎದ್ದರು. 2016ರಲ್ಲಿ 2.38ಕ್ಕೆ. ಹನ್ನೊಂದು ವರ್ಷಕ್ಕೆ ಅರ್ಧ ಗಂಟೆ! ಇದನ್ನು ಓದಿದ ದಿನ ನಾನು ನಗಬೇಕೋ ಅಳಬೇಕೋ ತಿಳಿಯದೆ ಕೂತಿದ್ದೆ. ಅವರು ಸುಸ್ತಾದರೂ ಬಿಡಲಿಲ್ಲ. 2023ರ ಅಕ್ಟೋಬರ್ 24ಕ್ಕೆ ಮತ್ತೆ ಇಡೀ ದಿನ ಕೆಲಸ ನಿಲ್ಲಿಸಿದರು.

ಅಂಥದ್ದೊಂದು ಗಡಿಯಾರ ನೀನೂ ಇಟ್ಟುಕೋ. ಅವತ್ತು ಕೂಗಿದ ಬೇಡಿಕೆಗಳಲ್ಲಿ ಒಂದೇ ಒಂದನ್ನು ಆರಿಸಿಕೋ. ಅದಕ್ಕೆ ಯಾರು ಏನು ಮಾತು ಕೊಟ್ಟರು, ಯಾವ ತಾರೀಕಿಗೆ, ಡೈರಿಯಲ್ಲಿ ಬರೆದಿಡು. ತಾರೀಕು ಬಂದಾಗ ಹೋಗಿ ಕೇಳು. 'ಪರಿಶೀಲನೆಯಲ್ಲಿದೆ' ಅಂದರೆ ಅದನ್ನೇ ಬರಿ. ಮುಂದಿನ ಸಲ ಹೋದಾಗಲೂ ಅದೇ ಮಾತು ಬಂದರೆ, ಎರಡನ್ನೂ ಪಕ್ಕಪಕ್ಕ ಇಟ್ಟು ಬರಿ. ಓದುವವರು ಕಮ್ಮಿ ಇರುತ್ತಾರೆ, ಇರಲಿ. ಅರ್ಜೆಂಟೀನಾದ ಹೆಂಗಸರು ಗರ್ಭಪಾತದ ಹಕ್ಕಿನ ಮಸೂದೆಯನ್ನು ಮೊದಲು ಸಂಸತ್ತಿಗೆ ಕೊಟ್ಟದ್ದು 2007ರಲ್ಲಿ. 2018ರಲ್ಲಿ ಅಲ್ಲಿನ ಮೇಲ್ಮನೆ ಸೆನೆಟ್ ತಿರಸ್ಕರಿಸಿತು. ಕೊನೆಗೆ ಆ ಹಕ್ಕಿನ ಕಾನೂನು ಪಾಸಾದದ್ದು 2020ರ ಡಿಸೆಂಬರ್ 30ಕ್ಕೆ. ಆ ಹೋರಾಟದ ಗುರುತಾದ ಹಸಿರು ಕರವಸ್ತ್ರ ಹಿಡಿದ ಲಕ್ಷಾಂತರ ಜನರ ಫೋಟೊ ನೀನು ನೋಡಿರುತ್ತೀಯ. ಅದೇ ಮಸೂದೆಯನ್ನು ಮತ್ತೆ ಮತ್ತೆ ತಿದ್ದಿ ಸಲ್ಲಿಸಿದವರ ಫೋಟೊ ನೋಡಿದ್ದೀಯಾ? ನಾನೂ ನೋಡಿಲ್ಲ.

ಸಭೆಗಳಿಗೂ ಹೋಗು. ಬೇಜಾರು ಬರುತ್ತೆ, ಗೊತ್ತು. ಹೊತ್ತು ಯಾರಿಗೆ ಅನುಕೂಲ ನೋಡಿ ಇಡುತ್ತಾರೆ, ಕೂಸಿರುವವಳು ಬರಬಹುದಾ, ಕುರ್ಚಿ ಎತ್ತಿಡುವವಳು ಪ್ರತಿ ಸಲ ಒಬ್ಬಳೇನಾ, ಇದನ್ನೆಲ್ಲ ಗಮನಿಸು. ಒಳಜಗಳವನ್ನೂ ಬರಿ, ಮುಚ್ಚಿಡಬೇಡ. ಆದರೆ ಬರೆಯುವ ಮೊದಲು ಜಗಳವಾಡಿದ ಇಬ್ಬರ ಹತ್ತಿರವೂ ಮಾತಾಡು. ನಾನು ಒಮ್ಮೆ ಒಬ್ಬರ ಮಾತಷ್ಟೇ ಕೇಳಿ ಬರೆದು ಒಬ್ಬ ಗೆಳತಿಯನ್ನು ಕಳೆದುಕೊಂಡೆ.

ಮುಂದಿನ ವಾರ ಸಭೆ ಇದೆ ಅಂದೆಯಲ್ಲ? ಎರಡು ಪೆನ್ನು ಇಟ್ಟುಕೊಂಡು ಹೋಗು. ಹೆಸರು ಬರೆಸಿಕೊಳ್ಳುವ ಕೆಲಸ ಕೊಟ್ಟರೆ ಒಪ್ಪಿಕೋ. ಅವತ್ತು ಲೇಖನ ಬೇಡ. ಮೊದಲು ಫೋನ್ ಮಾಡು.

ಇಂತಿ,
ನಿನ್ನ ಅಕ್ಕ