ಎಣ್ಣೆ: ಲೀಟರ್ ದರಕ್ಕೆ ತೂಕವೂ ಜೊತೆಗಿರಲಿ

ಮಾನ್ಯ ಸಂಪಾದಕರೇ,

ಕಲಬುರಗಿಯ ಕಿರಾಣಿ ಅಂಗಡಿಗಳಲ್ಲಿ ಪಾಕೀಟಿನ ಎಣ್ಣೆಗೆ ಲೀಟರ್ ದರ; ಗಾಣದ ಕುಸುಬಿ, ಶೇಂಗಾ ಎಣ್ಣೆಗೆ ಹಲವೆಡೆ ಕೆಜಿ ದರ. ಎರಡನ್ನೂ ಹಾಗೇ ಹೋಲಿಸಿ ‘ಇದು ಅಗ್ಗ’ ಎಂದು ಕೊಳ್ಳುವವರು ಬಹಳ. ಲೀಟರಿಗೆ 150 ರೂಪಾಯಿ, ಕೆಜಿಗೆ 160 ರೂಪಾಯಿ ಎಂದಿಟ್ಟುಕೊಳ್ಳಿ. ಲೀಟರ್ ಎಣ್ಣೆ ತೂಗುವುದು ಸುಮಾರು 910 ಗ್ರಾಂ. 150ನ್ನು 0.91ರಿಂದ ಭಾಗಿಸಿದರೆ ಕೆಜಿಗೆ ಹತ್ತಿರ ಹತ್ತಿರ 165 ರೂಪಾಯಿ ಬಿತ್ತು. ಅಗ್ಗ ಎಂದುಕೊಂಡದ್ದೇ ತುಟ್ಟಿ!

ಡಬ್ಬಿ ಕೊಳ್ಳುವ ಖಾನಾವಳಿಯವರಿಗೆ, ಮದುವೆ ಮನೆಯವರಿಗೆ ಏಟು ಇನ್ನೂ ಜೋರು. ಪೇಟೆಯಲ್ಲಿ 15 ಕೆಜಿ ಡಬ್ಬಿಯೂ ಇದೆ, 15 ಲೀಟರ್ ಡಬ್ಬಿಯೂ ಇದೆ. ದ್ರವ್ಯರಾಶಿ (ತಕ್ಕಡಿ ತೋರುವ ಕೆಜಿ) ಎಂದರೆ ಸಾಂದ್ರತೆ (ಒಂದು ಲೀಟರಿನ ತೂಕ) ಗುಣಿಸು ಗಾತ್ರ (ಎಷ್ಟು ಲೀಟರ್). 0.91 × 15 = 13.65 ಕೆಜಿ. ಅಂದರೆ ಲೀಟರ್ ಡಬ್ಬಿಯಲ್ಲಿ 1.35 ಕೆಜಿ ಕಡಿಮೆ. ಶಾಲೆಯ ಪುಸ್ತಕದಲ್ಲಿ ಸಾಂದ್ರತೆ ಘನ ಮೀಟರಿಗೆ 910 ಕೆಜಿ ಎಂದಿದ್ದರೆ ಮೊದಲು 1000ದಿಂದ ಭಾಗಿಸಿ ಲೀಟರಿಗೆ ಇಳಿಸಿಕೊಳ್ಳಬೇಕು. ಮಕ್ಕಳು ಎಡವುವುದು ಇಲ್ಲೇ.

ನಮ್ಮ ಬಿಸಿಲು ಈ ಲೆಕ್ಕದೊಳಗೂ ಬರುತ್ತದೆ. ಎಣ್ಣೆ ಕಾದಷ್ಟೂ ಹಿಗ್ಗುತ್ತದೆ, ಸಾಂದ್ರತೆ ಇಳಿಯುತ್ತದೆ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919.1 ಗ್ರಾಂ, 60 ಡಿಗ್ರಿಯಲ್ಲಿ 892.6 ಗ್ರಾಂ. ಡಿಗ್ರಿಗೆ ಮುಕ್ಕಾಲು ಗ್ರಾಂಗಿಂತ ತುಸು ಕಮ್ಮಿ ಇಳಿತ. ಮೇ ತಿಂಗಳ 42 ಡಿಗ್ರಿಯಲ್ಲಿ ಅಳೆದ ಲೀಟರ್ 905 ಗ್ರಾಂ ಆಸುಪಾಸು ಇರುತ್ತದೆ. ಕೆಲವು ಕಂಪನಿಗಳು 60 ಡಿಗ್ರಿ ಎಂದು ಮುದ್ರಿಸಿ ತೂಕ ಇಳಿಸುತ್ತಿದ್ದುದರಿಂದಲೇ, ತಾಪಮಾನ ಕಾಣಿಸದೆ ಲೀಟರಿನ ಜೊತೆ ತೂಕವನ್ನೂ ಬರೆಯಿರಿ ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸೂಚಿಸಿತು. ತೂಕ ಮಾತ್ರ ಬಿಸಿಲಿಗೂ ಚಳಿಗೂ ಬದಲಾಗದು. ಪಾಕೀಟು ಕೊಳ್ಳುವಾಗ ನೋಡಬೇಕಾದದ್ದು ಆ ಗ್ರಾಂ ಅಂಕಿಯನ್ನೇ. ಲೀಟರ್ ಪಾಕೀಟಿನಂತೆಯೇ ಕಾಣುವ, 910 ಗ್ರಾಂಗಿಂತ ಕಡಿಮೆ ತೂಕದ ಪಾಕೀಟುಗಳೂ ಅದೇ ಸಾಲಿನಲ್ಲಿರುತ್ತವೆ.

ಬಿಡಿ ಎಣ್ಣೆಯನ್ನು ಮನೆಯಲ್ಲೇ ಪರೀಕ್ಷಿಸಬಹುದು. ಅರ್ಧ ಲೀಟರ್ ಗೆರೆಯ ಅಳತೆ ಪಾತ್ರೆಯನ್ನು ಖಾಲಿ ಇರುವಾಗ ತೂಗಿ. ಗೆರೆಯವರೆಗೆ ನೀರು ತುಂಬಿ ಮತ್ತೆ ತೂಗಿ, ಪಾತ್ರೆಯ ತೂಕ ಕಳೆಯಿರಿ. 30 ಡಿಗ್ರಿ ನೀರಾದರೆ 498 ಗ್ರಾಂ ಬರಬೇಕು. ಏಳೆಂಟು ಗ್ರಾಂ ಹೆಚ್ಚುಕಮ್ಮಿಯಾದರೆ ಗೆರೆಯೇ ಸರಿಯಿಲ್ಲ. ಆಮೇಲೆ ಪಾತ್ರೆಯನ್ನು ಚೆನ್ನಾಗಿ ಒರೆಸಿ, ಕೊಂಡು ತಂದ ಅರ್ಧ ಲೀಟರ್ ಎಣ್ಣೆಯನ್ನು ಪೂರ್ತಿ ಹಾಕಿ, ಗುಳ್ಳೆ ಅಡಗುವವರೆಗೆ ಕಾದು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿ. ಮೇಲಿನಿಂದ ಬಗ್ಗಿ ನೋಡಿದರೆ ಅಳತೆ ತಪ್ಪುತ್ತದೆ. ಎಣ್ಣೆ ಗೆರೆ ಮುಟ್ಟಿ, ತೂಗಿ ಪಾತ್ರೆಯ ತೂಕ ಕಳೆದಾಗ 452ರಿಂದ 460 ಗ್ರಾಂ ಬಂದರೆ ಅಂಗಡಿಯ ಅಳತೆ ಸರಿಯಿದೆ. ಇದು ಅಳತೆಯ ಪರೀಕ್ಷೆ ಅಷ್ಟೇ, ಕಲಬೆರಕೆ ಇದರಿಂದ ಸಿಗದು. ಖಾದ್ಯ ತೈಲಗಳ ಸಾಂದ್ರತೆಗಳೆಲ್ಲ ಒಂದಕ್ಕೊಂದು ತೀರಾ ಹತ್ತಿರ.

ಅಂಗಡಿಯ ದರಫಲಕದಲ್ಲಿ ಲೀಟರ್ ದರದ ಪಕ್ಕ ಕೆಜಿ ದರವನ್ನೂ ಬರೆಸುವಂತೆ ತೂಕ, ಅಳತೆ ತಪಾಸಿಸುವ ಕಾನೂನು ಮಾಪನಶಾಸ್ತ್ರ ಇಲಾಖೆಯ ಜಿಲ್ಲಾ ಅಧಿಕಾರಿಗಳಲ್ಲಿ ವಿನಂತಿ. ತಮ್ಮ ಪತ್ರಿಕೆಯ ಪೇಟೆ ಧಾರಣೆಯಲ್ಲೂ ಎಣ್ಣೆಯ ದರ ಯಾವ ಮಾಪನಕ್ಕೆ ಎಂಬುದನ್ನು ದಯವಿಟ್ಟು ನಮೂದಿಸಿ.

– ವಿಜ್ಞಾನ ಶಿಕ್ಷಕರು, ಶಹಾಬಜಾರ, ಕಲಬುರಗಿ