ಬೆಣ್ಣೆಹಣ್ಣಿನ ಮರ ಈಗಲೇ ಕಡಿಸಬೇಡಿ

ಉಟ್ರೆಕ್ಟ್, ನೆದರ್ಲೆಂಡ್ಸ್
ಜುಲೈ 14

ತೀರ್ಥರೂಪ ಅಪ್ಪನಿಗೆ, ಅಮ್ಮನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಮಳೆ ಹಿಡಿದ ಮೇಲೆ ಫೋನಿನಲ್ಲಿ ನಿಮ್ಮ ಮಾತು ಅರ್ಧ ಗಾಳಿಗೇ ಹೋಗುತ್ತಿದೆ. ಮೊನ್ನೆ ಅಮ್ಮ ಹೇಳಿದ್ದರಲ್ಲಿ ಸರಿಯಾಗಿ ಕಿವಿಗೆ ಬಿದ್ದದ್ದು ಒಂದೇ: ಕೊಟ್ಟಿಗೆ ಹಿಂದಿನ ಬೆಣ್ಣೆಹಣ್ಣಿನ ಮರವನ್ನು ಮಳೆ ಬಿಟ್ಟ ಕೂಡಲೇ ಬುಡಸಮೇತ ತೆಗೆಸುತ್ತೀರಂತೆ. ಅದಕ್ಕೇ ಈ ಕಾಗದ. ಇದು ಸೋಮವಾರಪೇಟೆ ಮುಟ್ಟುವ ಹೊತ್ತಿಗೂ ಅಲ್ಲಿ ಮಳೆ ಬಿಟ್ಟಿರುವುದಿಲ್ಲ ಅನ್ನೋ ಧೈರ್ಯ ನನಗಿದೆ.

ನಗಬೇಡಿ, ನಾನೂ ಇಲ್ಲೊಂದು ಬೆಣ್ಣೆಹಣ್ಣಿನ ಗಿಡ ಸಾಕಿದ್ದೇನೆ. ನಮ್ಮಲ್ಲಿ ತಿಪ್ಪೆಗೆ ಎಸೆದ ಬೀಜ ಯಾರನ್ನೂ ಕೇಳದೆ ಹುಟ್ಟುತ್ತದೆ. ಇಲ್ಲಿ ಅದಕ್ಕೆ ಬಾಣಂತನವೇ ಮಾಡಬೇಕು. ನವೆಂಬರಿನಲ್ಲಿ ಚಿಲಿ ದೇಶದ ಒಂದು ಹಣ್ಣು ತಂದು, ಬೀಜ ತೊಳೆದು, ನಡುವಿಗೆ ಮೂರು ಟೂತ್‌ಪಿಕ್ ಚುಚ್ಚಿ, ನೀರು ತುಂಬಿದ ಲೋಟದ ಬಾಯಿಗೆ ಕೂರಿಸಿದೆ. ಮೂರು ವಾರ ಕಾದೆ. ನೀರು ನಾರಿತು, ಬೀಜ ಕೊಳೆಯಿತು. ಆಮೇಲೆ ನೋಡಿದರೆ ತಲೆಕೆಳಗಾಗಿ ಇಟ್ಟಿದ್ದೆ! ಚಪ್ಪಟೆ ತುದಿ ಕೆಳಗಿರಬೇಕು, ಬೇರು ಬರುವುದು ಅಲ್ಲಿಂದ. ಕಾಫಿ ಬೀಜದ ಚಪ್ಪಟೆ ಮಗ್ಗುಲು ಮಣ್ಣಿಗೆ ಬರಬೇಕು ಅಂತ ನರ್ಸರಿ ಪಾತಿಯ ಮುಂದೆ ಕುಕ್ಕರುಗಾಲಲ್ಲಿ ಕೂರಿಸಿ ಹೇಳಿಕೊಟ್ಟಿದ್ದಿರಿ. ಓದಿ ಮರೆತೆ ಅನ್ನಿ.

ಎರಡನೇ ಬೀಜಕ್ಕೆ ಮೇಲಿನ ಕಂದು ಸಿಪ್ಪೆ ಸುಲಿದೆ, ನಾಲ್ಕೈದು ದಿನಕ್ಕೊಮ್ಮೆ ನೀರು ಬದಲಿಸಿದೆ. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಮುಖ ತೋರಿಸುವುದೇ ಬೆಳಗ್ಗೆ ಎಂಟೂಮುಕ್ಕಾಲಿಗೆ, ಸಂಜೆ ನಾಲ್ಕೂವರೆಗೆ ಮಾಯ. ಆ ಕತ್ತಲಲ್ಲೂ ಐದನೇ ವಾರಕ್ಕೆ ಬೀಜ ಎರಡು ಹೋಳಾಗಿ ಬಿರಿದು, ಸಂದಿಯಿಂದ ಬೆಳ್ಳಗೆ ಬೇರಿಳಿಯಿತು. ಆಫೀಸಿಗೆ ತಡವಾದರೂ ಪರವಾಗಿಲ್ಲ ಅಂತ ಅದರ ಮುಂದೆ ನಿಂತು ಕಾಫಿ ಕುಡಿದೆ. ಏಪ್ರಿಲಿಗೆ ಗೇಣುದ್ದ ಆಯಿತು. ತುದಿ ಚಿವುಟಿದರೆ ಚೆನ್ನಾಗಿ ಕವಲೊಡೆಯುತ್ತದೆ ಅಂತ ಗೊತ್ತಿತ್ತು, ಕೈ ಬರಲಿಲ್ಲ. ಕಾಫಿ ಗಿಡದ ಚಿಗುರು ತೆಗೆಯುವಾಗ ನಿಮ್ಮ ಕೈ ಹೇಗೆ ಓಡುತ್ತದೆ ಅಂತ ನೆನೆದು, ಕಣ್ಣು ಮುಚ್ಚಿ ಅರ್ಧಕ್ಕೇ ಕತ್ತರಿಸಿದೆ. ಈಗ ಕುಂಡದಲ್ಲಿದೆ, ಒಂದಡಿ ಎತ್ತರ, ಎರಡು ಕವಲು. ಹೀಟರ್ ಬಿಸಿಗೆ ಹಳೆಯ ಎಲೆಗಳ ತುದಿ ಕರಟಿದೆ, ಅಷ್ಟೇ.

ಹಣ್ಣು ಬಿಡುತ್ತಾ ಅಂತ ಅಮ್ಮ ಕೇಳೇ ಕೇಳುತ್ತಾಳೆ. ಬೀಜದ ಗಿಡಕ್ಕೆ ಐದರಿಂದ ಹತ್ತು ವರ್ಷ, ಕೆಲವಕ್ಕೆ ಇನ್ನೂ ಹೆಚ್ಚು. ನಾಲ್ಕನೇ ಮಹಡಿಯ ಕಿಟಕಿಯಲ್ಲಿ ಆ ಆಸೆ ಇಲ್ಲ. ಬಿಟ್ಟರೂ ತಾಯಿಯ ಹಾಗೆ ಇರುವುದಿಲ್ಲ. ಅಪ್ಪ, ನಿಮಗೆ ಇಷ್ಟವಾಗುವ ಸಂಗತಿ: ಇಲ್ಲಿನ ಅಂಗಡಿಗಳಲ್ಲಿ ಸಿಗುವ ಕಪ್ಪು ಸಿಪ್ಪೆಯ 'ಹಾಸ್' ಹಣ್ಣು ಹುಟ್ಟಿದ್ದೂ ಇಂಥದೇ ಗೊತ್ತುಗುರಿಯಿಲ್ಲದ ಒಂದು ಬೀಜದಿಂದ. ಕ್ಯಾಲಿಫೋರ್ನಿಯಾದ ರುಡಾಲ್ಫ್ ಹಾಸ್ ಅನ್ನೋ ಪೋಸ್ಟ್‌ಮ್ಯಾನ್ 1920ರ ದಶಕದಲ್ಲಿ ನೆಟ್ಟದ್ದು. ಅದರ ಮೇಲೆ ಬೇರೆ ತಳಿ ಕಸಿ ಕಟ್ಟಿದರೆ ಹಿಡಿಯಲೇ ಇಲ್ಲ. ಹಾಳಾಗಲಿ ಅಂತ ಬಿಟ್ಟ ಗಿಡ ಹಣ್ಣು ಕೊಟ್ಟಿತು, 1935ರಲ್ಲಿ ಪೇಟೆಂಟೂ ಆಯಿತು. ಜಗತ್ತಿನ ಹಾಸ್ ಮರಗಳೆಲ್ಲ ಅದರ ಕಸಿಯ ಸಂತಾನ. ಆ ತಾಯಿಮರ ಬೇರು ಕೊಳೆತು 2002ರಲ್ಲಿ ಹೋಯಿತು.

ನಮ್ಮ ಮರ ಹಾಸ್ ಅಲ್ಲ, ಗೊತ್ತು. ಹಣ್ಣು ನೀರುನೀರು, ತುಂಬ ನಾರು, ಜ್ಯೂಸ್ ಅಂಗಡಿಯವರೂ ಮೂಸುವುದಿಲ್ಲ. ಆದರೆ ಅಜ್ಜಿ ಎಸೆದ ಬೀಜ ಅದು, ಬೇರು ಗಟ್ಟಿ ಇದೆ. ಎದೆಮಟ್ಟಕ್ಕೆ ಕಡಿಸಿ ಬಿಟ್ಟರೆ ಬೊಡ್ಡೆಯಲ್ಲಿ ಹೊಸ ಚಿಗುರು ಬರುತ್ತದೆ, ಅದಕ್ಕೆ ಒಳ್ಳೆಯ ತಳಿಯ ಕಡ್ಡಿ ಕಸಿ ಕಟ್ಟಬಹುದು. ಚೆಟ್ಟಳ್ಳಿಯ ತೋಟಗಾರಿಕಾ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ.

ಅಮ್ಮಾ, ಕಡಿದ ಸೊಪ್ಪನ್ನು ಮಾತ್ರ ಗೌರಿಗೆ ಹಾಕಬೇಡ. ಆ ಎಲೆಯಲ್ಲಿ ಪರ್ಸಿನ್ ಅನ್ನೋ ವಿಷ ಇರುತ್ತದೆ. ಹಸು, ಆಡು ತಿಂದರೆ ಕೆಚ್ಚಲು ಬಾತು ಹಾಲು ಕಡಿಮೆಯಾಗುತ್ತದೆ, ಹೆಚ್ಚು ತಿಂದರೆ ಜೀವಕ್ಕೇ ಕುತ್ತು.

ಜನವರಿಗೆ ಬರುತ್ತೇನೆ. ಮರ ಕಡಿಸುವ ದಿನ ನಾನಿರಬೇಕು, ಅಲ್ಲಿವರೆಗೆ ಕತ್ತಿ ಮಸೆಯಬೇಡಿ.

ನಿಮ್ಮ
ಪುಟ್ಟಿ